ಹಳೆ ಸಿಆರ್‌ಓ ಮೇಲೆ ಟ್ಯಾಂಕ್ ಆಟ: ಎರಡೂವರೆ ತಿಂಗಳ ಕೆಲಸದ ದಿನಚರಿ

ಮೇಜಿನ ಮೇಲೆ ಒಂದು ಹಳೆ ಸಿಆರ್‌ಓ ಇದೆ. ಸಿಆರ್‌ಓ ಅಂದರೆ ಆಸಿಲೋಸ್ಕೋಪ್, ವಿದ್ಯುತ್ ಸಿಗ್ನಲ್ಲನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಲ್ಯಾಬ್ ಉಪಕರಣ. ಅದರ ಹಸಿರು ತೆರೆಯಲ್ಲಿ ಬೆಟ್ಟದ ಸಾಲು, ಅರ್ಧಚಂದ್ರ, ಎರಡು ಪಿರಮಿಡ್ಡು, ದೂರದಲ್ಲಿ ಒಂದು ಟ್ಯಾಂಕ್. ತೆರೆಯ ಮುಂದೆ ಎರಡು ಕಬ್ಬಿಣದ ಲಿವರ್. ಜೂನ್ 8ಕ್ಕೆ ಶುರು ಮಾಡಿದ್ದು. ಆಗಸ್ಟ್ 27, ಗಣೇಶನ ಹಬ್ಬದ ದಿನ, ಮನೆಯವರೆಲ್ಲ ಆಡುವ ಮಟ್ಟಕ್ಕೆ ಬಂತು. ನೋಟ್‌ಬುಕ್ಕಿನಲ್ಲಿ ಗೀಚಿಟ್ಟದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಕಳೆದುಕೊಂಡ ವಾರಗಳು ಇನ್ನೊಬ್ಬರಿಗೆ ಉಳಿಯಲಿ ಅನ್ನುವುದೇ ಆಸೆ.

ಆಟದ ಹೆಸರು ಬ್ಯಾಟಲ್‌ಝೋನ್. 1980ರಲ್ಲಿ ಅಟಾರಿ ತಂದ ಆರ್ಕೇಡ್ ಆಟ, ಮಾಡಿದವರು ಎಡ್ ರಾಟ್‌ಬರ್ಗ್. ನನ್ನ ವಯಸ್ಸಿನವರಿಗೆ ಟ್ಯಾಂಕ್ ಗೇಮ್ ಅಂದರೆ ನೆನಪಾಗುವುದು ಟಿವಿ ಗೇಮಿಗೆ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಬ್ಯಾಟಲ್ ಸಿಟಿ, ಅಲ್ವಾ? ಅದು 1985ರ ನಾಮ್ಕೊ ಆಟ. ಇಟ್ಟಿಗೆ ಗೋಡೆ, ಕಾಯಬೇಕಾದ ಹದ್ದು, ಎಲ್ಲವನ್ನೂ ಮೇಲಿನಿಂದ ನೋಡುತ್ತೇವೆ. ಬ್ಯಾಟಲ್‌ಝೋನ್‌ನಲ್ಲಿ ನಾವು ಟ್ಯಾಂಕಿನ ಒಳಗೇ ಕೂತಿರುತ್ತೇವೆ. ಸುತ್ತ ಬಯಲು. ಎಲ್ಲವೂ ಬರೀ ಗೆರೆ. ಆ ಮೆಷಿನ್ನಿನ ತೆರೆಯಲ್ಲಿ ಪಿಕ್ಸೆಲ್ ಇರಲಿಲ್ಲ. ಕಿರಣ ನೇರವಾಗಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಓಡಿ ಗೆರೆ ಎಳೆಯುತ್ತಿತ್ತು. ಸಿಆರ್‌ಓದಲ್ಲಿ ಎಕ್ಸ್-ವೈ ಮೋಡ್ ಹಾಕಿದರೆ ಆಗುವುದೂ ಅದೇ: ಒಂದು ವೋಲ್ಟೇಜ್ (ಎಕ್ಸ್) ಕಿರಣವನ್ನು ಅಡ್ಡಕ್ಕೆ ಓಡಿಸುತ್ತದೆ, ಇನ್ನೊಂದು (ವೈ) ಮೇಲೆ ಕೆಳಗೆ. ಲ್ಯಾಪ್‌ಟಾಪ್‌ನಲ್ಲಿ ಈ ಆಟ ಆಡಿದ್ದೆ. ಗೆರೆಗಳಿಗೆ ಜೀವ ಇರಲಿಲ್ಲ, ಕೀಬೋರ್ಡಿನಲ್ಲಿ ಟ್ಯಾಂಕ್ ಓಡಿಸಿದ ಹಾಗೂ ಅನ್ನಿಸಲಿಲ್ಲ.

ಜೂನ್ 8, ಭಾನುವಾರ: ಸಿಆರ್‌ಓ ಸಿಕ್ಕಿತು

ಬೆಂಗಳೂರಿನ ಅವೆನ್ಯೂ ರಸ್ತೆ ಹತ್ತಿರದ ಸಂಡೇ ಬಜಾರಿಗೆ ಬೆಳಗ್ಗೆ ಏಳಕ್ಕೇ ಹೋದೆ. ತಡವಾದರೆ ಒಳ್ಳೆ ಮಾಲು ಇರುವುದಿಲ್ಲ. ಒಬ್ಬರ ಹತ್ತಿರ ಯಾವುದೋ ಕಾಲೇಜು ಲ್ಯಾಬಿನಿಂದ ಬಂದ 30 ಮೆಗಾಹರ್ಟ್ಸ್ ಡ್ಯುಯಲ್ ಚಾನೆಲ್ ಸಿಆರ್‌ಓ ಇತ್ತು. ಹಿಂದೆ ನೋಡಿದೆ, ಝಡ್ ಇನ್‌ಪುಟ್ ಇದೆ. ಈ ಕೆಲಸಕ್ಕೆ ಅದು ಇರಲೇಬೇಕು. ಗೆರೆ ಬೇಡದ ಜಾಗದಲ್ಲಿ ಕಿರಣ ಆರಿಸುವುದು ಅದರಿಂದಲೇ.

"ಸಾರ್, ಲೈಟ್ ಬರತ್ತೆ. ಗ್ಯಾರಂಟಿ ಮಾತ್ರ ಕೇಳ್ಬೇಡಿ" ಅಂದರು. 4,500 ಹೇಳಿದ್ದು 3,200ಕ್ಕೆ ಕೊಟ್ಟರು. ಹನುಮಂತನಗರದ ತನಕ ಆಟೋಗೆ 280. ಸಿಗ್ನಲ್ ಅಳೆಯುವ ಪ್ರೋಬ್ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಬಿಎನ್‌ಸಿ ಕೇಬಲ್ ಮಾತ್ರ, ಹಾಗಾಗಿ ಕೇಳಲೂ ಇಲ್ಲ.

ಜೂನ್ 14 ಮತ್ತು 15: ತೆರೆ ಬೆಳಗಿಸುವುದು

ಆನ್ ಮಾಡಿದರೆ ದೀಪ ಹತ್ತಿತು. ತೆರೆಯಲ್ಲಿ ಗೆರೆ ಬದಲು ದಪ್ಪನೆ ಹಸಿರು ಪಟ್ಟಿ ನಡುಗುತ್ತಿತ್ತು. ಮುಚ್ಚಳ ಬಿಚ್ಚಿ 12 ವೋಲ್ಟ್ ಸಪ್ಲೈ ಮೇಲೆ ಮಲ್ಟಿಮೀಟರನ್ನು ಎಸಿಗೆ ಇಟ್ಟು ಅಳೆದೆ. 1.1 ವೋಲ್ಟ್ ಏರಿಳಿತ. ಆ ಏರಿಳಿತ ತಡೆಯಬೇಕಾದ ಫಿಲ್ಟರ್ ಕೆಪಾಸಿಟರ್ ಒಣಗಿರುವ ಲಕ್ಷಣ ಇದು. 1000 ಮೈಕ್ರೋಫ್ಯಾರಡ್, 35 ವೋಲ್ಟಿನ ಎರಡು ಕೆಪಾಸಿಟರ್ ಬದಲಾಯಿಸಿದೆ. ಗೆರೆ ಕೂದಲೆಳೆಯಷ್ಟು ತೆಳ್ಳಗಾಯಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಿಕ್ಚರ್ ಟ್ಯೂಬಿನ ಹತ್ತಿರ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ಭಾಗ ಗೊತ್ತಿಲ್ಲದವರು ಮುಚ್ಚಳ ತೆಗೆಯಬೇಡಿ. ನಾನು ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟೆ. ಆಮೇಲೂ ಟ್ಯೂಬಿನ ಕಡೆ ಕೈ ಹಾಕಲಿಲ್ಲ.

ಎಕ್ಸ್-ವೈ ಸ್ವಿಚ್ ಒತ್ತಿದರೆ ಚುಕ್ಕೆ ಅತ್ತಿತ್ತ ಹಾರುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐವತ್ತು ಸಲ ಒತ್ತಿ ಬಿಟ್ಟೆ, ಸರಿಹೋಯಿತು. ಕೆಪಾಸಿಟರ್, ಕ್ಲೀನರ್ ಸೇರಿ 460 ರೂಪಾಯಿ.

ಜೂನ್ 22: ಮೊದಲ ತಪ್ಪು, 5 ವೋಲ್ಟ್

ಲೆಕ್ಕ ಮಾಡುವುದಕ್ಕೆ ರಾಸ್ಪ್‌ಬೆರಿ ಪೈ ಪೈಕೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ತಂದೆ. ಎರಡಕ್ಕೆ 760, ಒಂದು ಸ್ಪೇರ್. ಅದು ಕೊಡುವ ಸಂಖ್ಯೆಯನ್ನು ವೋಲ್ಟೇಜ್ ಮಾಡುವುದಕ್ಕೆ ಎಂಸಿಪಿ4922 ಅನ್ನುವ ಡಿಎಸಿ ಚಿಪ್. ಒಂದರಲ್ಲೇ ಎರಡು ಚಾನೆಲ್, 12 ಬಿಟ್, ಅಂದರೆ ಅಡ್ಡಕ್ಕೆ 4096 ಹಂತ, ಉದ್ದಕ್ಕೆ 4096 ಹಂತ. ಎಸ್.ಪಿ. ರೋಡಿನಲ್ಲಿ 280ಕ್ಕೆ ಸಿಕ್ಕಿತು.

ಜಾಸ್ತಿ ವೋಲ್ಟ್ ಸಿಕ್ಕರೆ ಚಿತ್ರ ದೊಡ್ಡದಾಗುತ್ತದೆ ಅಂದುಕೊಂಡು ಡಿಎಸಿಗೆ 5 ವೋಲ್ಟ್ ಕೊಟ್ಟೆ. ಚೌಕ ಬರೆದರೆ ಚೌಕವೇ ಬರುತ್ತಿತ್ತು, ಆದರೆ ಅಲ್ಲೊಂದು ಇಲ್ಲೊಂದು ಗೆರೆ ತೆರೆಯಾಚೆಗೆ ಚಿಮ್ಮುತ್ತಿತ್ತು. ಚಿಪ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಇನ್ನೊಂದು ತಂದೆ. ಅದರಲ್ಲೂ ಹಾಗೇ. ಮೂರು ಸಂಜೆ ಹೋದವು. ಕೊನೆಗೆ ಚಿಪ್ಪಿನ ಡೇಟಾಶೀಟ್ (ವಿವರಪತ್ರ) ಸರಿಯಾಗಿ ಓದಿದೆ. ಸಿಗ್ನಲ್ 'ಹೈ' ಅಂತ ಅದು ಒಪ್ಪಬೇಕಾದರೆ ಸಪ್ಲೈನ 0.7 ಪಾಲು ಬೇಕು. 5 ವೋಲ್ಟಿಗೆ ಅದು 3.5. ಪೈಕೊ ಕೊಡುವುದು 3.3. ಕೆಲವು ಸಲ ಒಪ್ಪುತ್ತಿತ್ತು, ಕೆಲವು ಸಲ ಇಲ್ಲ. ಡಿಎಸಿಯನ್ನೂ 3.3ಕ್ಕೆ ಇಳಿಸಿದೆ, ಚಿಮ್ಮುವುದು ಅಲ್ಲಿಗೇ ನಿಂತಿತು. ಚಿತ್ರದ ಗಾತ್ರ ಸಿಆರ್‌ಓದ ವೋಲ್ಟ್ಸ್ ನಾಬ್ ತಿರುಗಿಸಿದರೆ ದೊಡ್ಡದಾಗುತ್ತದೆ. 5 ವೋಲ್ಟ್ ಬೇಕೇ ಇರಲಿಲ್ಲ.

ಜೂನ್ 28: ಮೆಟ್ಟಿಲು ಮತ್ತು ಬಾಲ

ಓರೆ ಗೆರೆಗಳೆಲ್ಲ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು. ಎಕ್ಸ್ ಮೊದಲು ಬದಲಾಗಿ, ವೈ ಆಮೇಲೆ ಬದಲಾಗುತ್ತಿತ್ತು. ಡಿಎಸಿಯಲ್ಲಿ ಎಲ್‌ಡಿಎಸಿ ಅಂತ ಒಂದು ಪಿನ್ ಇದೆ. ನಾನು ಅದನ್ನು ಗ್ರೌಂಡಿಗೆ ಕಟ್ಟಿಬಿಟ್ಟಿದ್ದೆ. ಅದನ್ನು ಪೈಕೊಗೆ ಜೋಡಿಸಿ, ಎರಡೂ ಸಂಖ್ಯೆ ಕಳಿಸಿದ ಮೇಲೆ ಒಂದು ಸಲ ಮಿಡಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಒಂದು ವೈರು, ಒಂದು ಸಾಲು ಕೋಡು, ಅಷ್ಟೆ. ಗೆರೆ ನೇರವಾಯಿತು.

ಕಿರಣ ಆರಿಸುವುದು ಇನ್ನೂ ಕಷ್ಟ ಕೊಟ್ಟಿತು. ನನ್ನ ಸಿಆರ್‌ಓದಲ್ಲಿ ಝಡ್‌ಗೆ 5 ವೋಲ್ಟ್ ಕೊಟ್ಟರೆ ಕಿರಣ ಆರುತ್ತದೆ. ಪೈಕೊದ 3.3ಕ್ಕೆ ಮಂಕಾಗುತ್ತದೆ ಅಷ್ಟೆ. 5 ವೋಲ್ಟ್ ಕೊಡಿಸಲು ಕೈಯಲ್ಲಿದ್ದ ಬಿ.ಸಿ. 547 ಟ್ರಾನ್ಸಿಸ್ಟರ್ ಹಾಕಿದೆ. ಕಿರಣ ಆರಿತು, ಆದರೆ ಪ್ರತಿ ಗೆರೆಯ ಕೊನೆಗೂ ಒಂದು ಸಣ್ಣ ಬಾಲ. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆದ ಮೇಲೆ ಆಫ್ ಆಗುವುದಕ್ಕೆ ತಡ ಮಾಡುತ್ತದೆ. ಅಷ್ಟರಲ್ಲಿ ಕಿರಣ ಮುಂದಿನ ಜಾಗಕ್ಕೆ ಹೊರಟಿರುತ್ತದೆ. ಅದರ ಬದಲು 74ಎಚ್‌ಸಿಟಿ04 ಚಿಪ್ ಹಾಕಿದ ಮೇಲೆ ಬಾಲ ಹೋಯಿತು. ಅದು 3.3 ವೋಲ್ಟನ್ನೂ 'ಹೈ' ಅಂತ ಒಪ್ಪಿ, ಸಿಗ್ನಲ್ಲನ್ನು ತಿರುಗುಮುರುಗು ಮಾಡಿ 5 ವೋಲ್ಟಿನಲ್ಲಿ ಕೊಡುತ್ತದೆ: ಇನ್‌ಪುಟ್ ಸೊನ್ನೆಯಾದರೆ ಔಟ್‌ಪುಟ್ 5. ಅಂಗಡಿಯಲ್ಲಿ 'ಎಚ್‌ಸಿಟಿ' ಅಂತ ಒತ್ತಿ ಕೇಳಿ. ಬರೀ 'ಎಚ್‌ಸಿ' ಕೊಟ್ಟರೆ ಮತ್ತೆ ಅದೇ 3.5 ವೋಲ್ಟಿನ ತೊಂದರೆ.

ಸದ್ಯದ ಲೆಕ್ಕ ಹೀಗಿದೆ. ಒಂದು ಬಿಂದುವಿಗೆ ಸುಮಾರು 2.5 ಮೈಕ್ರೋಸೆಕೆಂಡ್. ಬಿಂದುಗಳ ನಡುವೆ 16 ಹಂತ ಬಿಟ್ಟರೆ ತೆರೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆಗೆ 256 ಬಿಂದು, ಅಂದರೆ 0.64 ಮಿಲಿಸೆಕೆಂಡ್. ಚಿತ್ರ ಮಿಣುಕಬಾರದು ಅಂದರೆ ಸೆಕೆಂಡಿಗೆ 50 ಸಲ ಬರೆಯಬೇಕು. ಒಂದು ಚಿತ್ರಕ್ಕೆ ಸಿಗುವುದು 20 ಮಿಲಿಸೆಕೆಂಡ್, ಅದರಲ್ಲಿ ಹಿಡಿಯುವುದು 31 ಉದ್ದ ಗೆರೆ. ಕಿರಣ ದೂರ ಹಾರಿದಾಗ ನೆಲೆ ನಿಲ್ಲಲು 8 ಮೈಕ್ರೋಸೆಕೆಂಡ್ ಬೇರೆ ಕಾಯಬೇಕು. ಇದು ಮುಂದೆ ಅಕ್ಷರ ಬರೆಯುವಾಗ ಬಹಳ ಕಾಡಿತು.

ಮೂಲ ಮೆಷಿನ್ನಿನಲ್ಲಿ ಇದ್ದದ್ದು 1.5 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ಮೂರು ಆಯಾಮದ ಲೆಕ್ಕಕ್ಕೆ ಅದು ಸಾಲದು ಅಂತ ಎಎಂಡಿ 2901 ಚಿಪ್‌ಗಳಿಂದ ಕಟ್ಟಿದ 'ಮ್ಯಾಥ್ ಬಾಕ್ಸ್' ಅನ್ನು ಪಕ್ಕಕ್ಕೆ ಕೂರಿಸಿದ್ದರು. ನನ್ನ ಪೈಕೊದಲ್ಲಿ 133 ಮೆಗಾಹರ್ಟ್ಸ್‌ನ ಎರಡು ಕೋರ್. ಒಂದು ಲೆಕ್ಕಕ್ಕೆ, ಇನ್ನೊಂದು ಗೆರೆ ಎಳೆಯುವುದಕ್ಕೆ. ಅಷ್ಟು ಕಡಿಮೆಯಲ್ಲಿ ಅವರು ಅಷ್ಟು ಮಾಡಿದ್ದರು ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜುಲೈ 13: ಸರಿಮಾಡಲಾಗದ ತಪ್ಪು

ಪಿರಮಿಡ್ಡು, ಪೆಟ್ಟಿಗೆ, ಬೆಟ್ಟ ಬಂದವು. ದೂರದಲ್ಲಿದ್ದಾಗ ಚೆನ್ನಾಗಿ ಕಾಣುತ್ತಿದ್ದ ಪಿರಮಿಡ್ಡು ಹತ್ತಿರ ಹೋದ ಕೂಡಲೇ ಒಡೆದು ತೆರೆ ತುಂಬ ಗೆರೆ ಹರಡುತ್ತಿತ್ತು. ಬೆನ್ನ ಹಿಂದಿರುವ ಮೂಲೆಗಳನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆ. ಜೊತೆಗೆ 4095 ದಾಟಿದ ಸಂಖ್ಯೆ ಸೊನ್ನೆಯಿಂದ ಮತ್ತೆ ಶುರುವಾಗಿ ಬಲಗಡೆಯ ಗೆರೆ ಎಡಗಡೆ ಏಳುತ್ತಿತ್ತು. ಗೆರೆಯನ್ನು ಮೊದಲು ಕಣ್ಣಿನ ಮುಂದೆ ಕತ್ತರಿಸಿ, ಆಮೇಲೆ ತೆರೆಯ ಅಂಚಿಗೆ ಕತ್ತರಿಸಬೇಕು. ಈ ಎರಡೂ ಕೋಡು ಬರೆಯುವುದಕ್ಕೆ ಒಂದು ವಾರ ಹಿಡಿಯಿತು.

ಆ ವಾರದ ಕೊನೆಗೇ ದೊಡ್ಡ ತಪ್ಪು ಆಯಿತು. ಭಾನುವಾರ ಮಧ್ಯಾಹ್ನ ಪ್ರೋಗ್ರಾಂ ಓಡುತ್ತಿದ್ದಾಗಲೇ ಊಟಕ್ಕೆ ಎದ್ದೆ. ಬ್ರೈಟ್‌ನೆಸ್ ಪೂರ್ತಿ ಇತ್ತು. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡು ಕಿರಣ ಒಂದೇ ಬಿಂದುವಿನಲ್ಲಿ ನಿಂತುಬಿಟ್ಟಿತು. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ನಡುಮಧ್ಯೆ ಉರಿಯುವ ಚುಕ್ಕೆ. ಆಫ್ ಮಾಡಿ ಟಾರ್ಚ್ ಹಿಡಿದು ನೋಡಿದರೆ ಸಾಸಿವೆ ಕಾಳಿನಷ್ಟು ಕಂದು ಕಲೆ. ತೆರೆಯ ಒಳಗೆ ಬೆಳಗುವ ಲೇಪನ, ಫಾಸ್ಫರ್, ಸುಟ್ಟಿತ್ತು. ಆ ಜಾಗದಲ್ಲಿ ಇನ್ನು ಬೆಳಕು ಬರುವುದಿಲ್ಲ. ಅಷ್ಟು ವರ್ಷ ಮಕ್ಕಳ ಕೈಯಲ್ಲಿ ಉಳಿದು ಬಂದ ಟ್ಯೂಬು ನನ್ನ ಒಂದು ಊಟದ ಹೊತ್ತಿನಲ್ಲಿ ಗಾಯ ಮಾಡಿಕೊಂಡಿತು. ಆ ದಿನ ಮತ್ತೆ ಕೆಲಸ ಮಾಡುವ ಮನಸ್ಸು ಬರಲಿಲ್ಲ.

ಮೊದಲ ದಿನವೇ ಮಾಡಬೇಕಿದ್ದದ್ದನ್ನು ಮಾರನೆ ದಿನ ಮಾಡಿದೆ. ಪೈಕೊದ ವಾಚ್‌ಡಾಗ್ 100 ಮಿಲಿಸೆಕೆಂಡಿಗೆ ಇಟ್ಟೆ. ಪ್ರೋಗ್ರಾಂ ನಿಂತರೆ ತಾನೇ ರೀಸ್ಟಾರ್ಟ್ ಆಗುತ್ತದೆ. ಎಚ್‌ಸಿಟಿ04ರ ಇನ್‌ಪುಟ್ಟನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಎಳೆದೆ. ರೀಸೆಟ್ ಆಗುವ ಹೊತ್ತಿನಲ್ಲಿ ಕಿರಣ ಆರಿಯೇ ಇರುತ್ತದೆ. ಯಾರಾದರೂ ಸಿಆರ್‌ಓ ಮೇಲೆ ಗೆರೆ ಎಳೆಯಲು ಹೊರಟರೆ ಮೊದಲು ಈ ಎರಡು ಕೆಲಸ ಮಾಡಿ, ಆಮೇಲೆ ಚೌಕ ಬರೆಯಿರಿ.

ಜುಲೈ 20: ಕನ್ನಡ ಅಕ್ಷರ

ಮೂಲ ಆಟದಲ್ಲಿ ಮೇಲ್ಗಡೆ ರಾಡಾರ್ ಇದೆ. ಶತ್ರು ಯಾವ ಕಡೆ ಇದ್ದಾನೆ ಅಂತ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತದೆ. ನನಗೆ ಅದು ಕನ್ನಡದಲ್ಲೇ ಬೇಕಿತ್ತು. ನನ್ನ ಮಗಳಿಗೆ ಆರು ವರ್ಷ. ಈಗಷ್ಟೇ ಒತ್ತಕ್ಷರ ಕಲಿಯುತ್ತಿದ್ದಾಳೆ.

ಇಂಗ್ಲಿಷಿನಲ್ಲಿ 'ಲೆಫ್ಟ್' ಅಂತ ದೊಡ್ಡಕ್ಷರದಲ್ಲಿ ಬರೆಯಲು 11 ಗೆರೆ ಸಾಕು, ಎಲ್ಲ ನೇರ. ನಮ್ಮ ಅಕ್ಷರವೆಲ್ಲ ದುಂಡು. 'ಎಡಕ್ಕೆ' ಅನ್ನುವುದನ್ನು ಗ್ರಾಫ್ ಹಾಳೆಯಲ್ಲಿ ಚೆಂದವಾಗಿ ಬರೆದು ತುಂಡು ಮಾಡಿದರೆ 94 ಗೆರೆ ಆಯಿತು. ತೆರೆಗೆ ಹಾಕಿದೆ. ಅಕ್ಷರ ಮುದ್ದಾಗಿ ಬಂತು, ಉಳಿದ ಚಿತ್ರ ಮಿಣುಕತೊಡಗಿತು. ಸಣ್ಣ ಗೆರೆಗೆ ಹೆಚ್ಚು ಹೊತ್ತು ಬೇಡ, ನಿಜ. ಆದರೆ ಅಕ್ಷರದ ಒಂದು ಭಾಗದಿಂದ ಇನ್ನೊಂದಕ್ಕೆ ಹಾರುವ ಪ್ರತಿ ಸಲವೂ 8 ಮೈಕ್ರೋಸೆಕೆಂಡ್ ಹೋಗುತ್ತದೆ. ತಲೆಕಟ್ಟು ಬೇರೆ, ಒತ್ತು ಬೇರೆ, ಎತ್ವ ಬೇರೆ ಅಂತ ಬರೆದಿದ್ದೆ.

ಆಮೇಲೆ ಹೊಳೆಯಿತು. ಸ್ಲೇಟಿನ ಮೇಲೆ ಬರೆಯುವಾಗ ನಾವು ಬಳಪ ಎತ್ತುವುದು ಬಹಳ ಕಡಿಮೆ. ಮಗಳನ್ನು ಕೂರಿಸಿ 'ಡ' ಬರೆಸಿ ಕೈಯನ್ನೇ ನೋಡಿದೆ. ಎಲ್ಲಿ ಶುರು, ಎಲ್ಲಿ ಸುತ್ತು, ಎಲ್ಲಿ ಬಿಡುತ್ತಾಳೆ. ಅದೇ ದಾರಿಯಲ್ಲಿ ಬಿಂದು ಜೋಡಿಸಿದೆ. ಒಂದು ಸುತ್ತಿಗೆ ಎಂಟು ಗೆರೆ ಸಾಕು, ಸಿಆರ್‌ಓದ ಎಕ್ಸ್ ಚಾನೆಲ್ ಸ್ವಲ್ಪ ನಿಧಾನವಾದ್ದರಿಂದ ಮೂಲೆಗಳು ತಾವೇ ದುಂಡಾಗುತ್ತವೆ. ಬೆಟ್ಟದ ಗೆರೆಯಲ್ಲಿ ಅದೇ ಗುಣ ತೊಂದರೆ ಕೊಟ್ಟಿತ್ತು. ಅಲ್ಲಿ ಪ್ರತಿ ತುದಿಯಲ್ಲಿ ಎರಡು ಬಿಂದು ಹೆಚ್ಚು ನಿಲ್ಲಿಸಿ ಮೂಲೆ ಚೂಪು ಮಾಡಿದ್ದೆ. ಅಕ್ಷರಕ್ಕೆ ಆ ಎರಡು ಬಿಂದು ತೆಗೆದುಬಿಟ್ಟೆ. 'ಎಡಕ್ಕೆ' 41 ಗೆರೆಗೆ ಇಳಿಯಿತು. 'ಬಲಕ್ಕೆ', 'ಹಿಂದೆ' ಕೂಡ ಅಷ್ಟರಲ್ಲೇ ಆದವು. ಅಂಕಿಗಳೂ ಕನ್ನಡದವೇ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ದಿನ ಇದು.

ಜುಲೈ 26: ಲಿವರ್, ಮೊದಲ ಸಲ

ಬ್ಯಾಟಲ್‌ಝೋನ್‌ಗೆ ಎರಡು ಲಿವರ್. ಒಂದೊಂದು ಲಿವರಿಗೆ ಒಂದೊಂದು ಕಡೆಯ ಚೈನು. ಎರಡೂ ಮುಂದೆ ತಳ್ಳಿದರೆ ಟ್ಯಾಂಕ್ ಮುಂದೆ. ಎಡ ಮುಂದೆ, ಬಲ ಹಿಂದೆ ಮಾಡಿದರೆ ನಿಂತಲ್ಲೇ ಬಲಕ್ಕೆ ತಿರುಗುತ್ತದೆ. ಗುಂಡು ಹಾರಿಸುವ ಬಟನ್ ಬಲ ಲಿವರಿನ ತಲೆಯ ಮೇಲೆ.

ಆನ್‌ಲೈನಿನಲ್ಲಿ ಆರ್ಕೇಡ್ ಜಾಯ್‌ಸ್ಟಿಕ್ ಎರಡು ತರಿಸಿದೆ, 780. ಅವು ಎಂಟು ದಿಕ್ಕಿಗೂ ಆಡುತ್ತವೆ. 3 ಮಿ.ಮೀ. ಅಕ್ರಿಲಿಕ್ಕಿನಲ್ಲಿ ಸೀಳು ಕೊರೆದು ಹಿಂದೆ ಮುಂದೆ ಮಾತ್ರ ಹೋಗುವ ಹಾಗೆ ಮಾಡಿದೆ. ಎರಡನೇ ದಿನ ಅಕ್ರಿಲಿಕ್ ಬಿರುಕು ಬಿಟ್ಟಿತು. ಬಿಡದೇ ಇದ್ದಿದ್ದರೂ ಪ್ರಯೋಜನ ಇರಲಿಲ್ಲ. ಬೆರಳಲ್ಲಿ ಆಡಿಸುವ ಹಗುರ ಕಡ್ಡಿಗಳು ಅವು. ಆ ದುಡ್ಡು ಹೋಯಿತು.

ಪೀಣ್ಯದಲ್ಲಿ ಪರಿಚಯದ ಟರ್ನರ್ ಒಬ್ಬರಿದ್ದಾರೆ. ಅವರಿಗೆ ಚಿತ್ರ ಬರೆದು ತೋರಿಸಿದೆ. 16 ಮಿ.ಮೀ. ಪೈಪು, ತಿರುಗುವ ಜಾಗದಿಂದ ಮೇಲಕ್ಕೆ 180, ಕೆಳಕ್ಕೆ 40. ನಡುವೆ 8 ಮಿ.ಮೀ. ಬೋಲ್ಟು, ಅದಕ್ಕೆ ನೈಲಾನ್ ಬುಶ್. ಕೆಳತುದಿ ಹಿಂದೆ ಮುಂದೆ ಹೋದಾಗ ಮೈಕ್ರೋಸ್ವಿಚ್ ಒತ್ತುತ್ತದೆ. ಪೈಪು, ಲೇತ್ ಕೆಲಸ, ಸ್ಪ್ರಿಂಗ್ ಸೇರಿ 1,350. ಸ್ವಿಚ್, ಬಟನ್ 290. ಅವರು ಬುಶ್ ಕೊರೆದ ಚೊಕ್ಕತನ ನೋಡಬೇಕು. ಅಲುಗಾಟವೇ ಇಲ್ಲ.

ಬಲ ಲಿವರಿನ ಪೈಪಿನ ಒಳಗಿಂದ ಬಟನ್ನಿನ ವೈರು ಇಳಿಸಿದ್ದೆ. ಎರಡೇ ದಿನಕ್ಕೆ ಗುಂಡು ಹಾರುವುದು ನಿಂತಿತು. ಪೈಪಿನ ಕೆಳ ಅಂಚಿಗೆ ತಿಕ್ಕಿ ವೈರು ತುಂಡಾಗಿತ್ತು. ಅಂಚನ್ನು ಅರದಲ್ಲಿ ಉಜ್ಜಿ, ರಬ್ಬರ್ ಗ್ರಾಮೆಟ್ ಹಾಕಿ, ಮೆತ್ತನೆ ಸಿಲಿಕೋನ್ ವೈರನ್ನು 60 ಮಿ.ಮೀ. ಸಡಿಲ ಬಿಟ್ಟು ಕಟ್ಟಿದೆ. ಈತನಕ ಗಟ್ಟಿಯಾಗಿದೆ.

ಆಗಸ್ಟ್ 10: ಪೆಟ್ಟಿಗೆ

12 ಮಿ.ಮೀ. ಪ್ಲೈವುಡ್, ಕಪ್ಪು ಮೈಕಾ, ಬಡಗಿಯ ಕೂಲಿ, ಎಲ್ಲ 1,480. ಮೂಲ ಮೆಷಿನ್ನಿನಲ್ಲಿ ಪೆರಿಸ್ಕೋಪಿನ ಹಾಗೆ ಕಣ್ಣಿಟ್ಟು ನೋಡುವ ಕಿಂಡಿ ಇತ್ತು, ಅಕ್ಕಪಕ್ಕದವರು ಇಣುಕಲು ಬದಿಯಲ್ಲಿ ಗಾಜು. ನಾನೂ ರಟ್ಟಿನಲ್ಲಿ ಕಿಂಡಿ ಮಾಡಿ ಇಟ್ಟೆ. ಮಗಳಿಗೆ ಎಟುಕಲಿಲ್ಲ, ಕನ್ನಡಕ ಹಾಕುವ ನನಗೆ ಉಸಿರಿನ ಹಬೆ ಕಟ್ಟಿತು. ಕಿತ್ತುಹಾಕಿ ಮೂರು ಕಡೆ ಕಪ್ಪು ಮರೆ ಮಾತ್ರ ಉಳಿಸಿದೆ.

ಅವರ ತೆರೆ ಒಂದೇ ಬಣ್ಣದ್ದು. ಮೇಲೆ ಕೆಂಪು, ಕೆಳಗೆ ಹಸಿರು ಹಾಳೆ ಅಂಟಿಸಿ ಎರಡು ಬಣ್ಣ ಮಾಡಿದ್ದರು. ಸಿಆರ್‌ಓ ತಾನೇ ಹಸಿರು, ಹಾಗಾಗಿ ಮೇಲಿನ ಭಾಗಕ್ಕೆ 30 ರೂಪಾಯಿಯ ಕೆಂಪು ಹಾಳೆ ತಂದೆ. ರಾಡಾರ್ ಪೂರ್ತಿ ಮಾಯ! ಹಸಿರು ಬೆಳಕು ಕೆಂಪು ಹಾಳೆಯನ್ನು ದಾಟುವುದೇ ಇಲ್ಲ. ಅವರ ತೆರೆ ಬಿಳಿ ಬೆಳಕಿನದು, ಅದಕ್ಕೇ ನಡೆಯಿತು. ಹಾಳೆ ತೆಗೆದೆ. ಈಗ ಎಲ್ಲವೂ ಹಸಿರೇ.

ಆಗಸ್ಟ್ 15: ಮಾವ ಬಂದರು

ನನ್ನ ಹೆಂಡತಿಯ ತಂದೆ ಗಣಿಗಳಲ್ಲಿ ಡೋಜರ್ ಓಡಿಸಿದವರು. ರಿಟೈರ್ ಆಗಿ ಒಂಬತ್ತು ವರ್ಷ. "ಬನ್ನಿ ಮಾವ, ಒಂದ್ಸಲ ಕೂತು ನೋಡಿ" ಅಂದೆ. ಹೇಗೆ ಆಡುವುದು ಅಂತ ಹೇಳುವ ಮೊದಲೇ ಎರಡೂ ಲಿವರ್ ಹಿಡಿದು, ಎಡ ಲಿವರ್ ಎಳೆದು ಎಡಕ್ಕೆ ತಿರುಗಿದರು. ಹಳೆ ಚೈನ್ ಡೋಜರಿನಲ್ಲಿ ಎಡಗಡೆ ಲಿವರ್ ಎಳೆದರೆ ಎಡ ಚೈನಿನ ಕ್ಲಚ್ ಬಿಡುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ನನಗೆ ವಾರ ಹಿಡಿದದ್ದು ಅವರ ಕೈಗೆ ಮೊದಲೇ ಗೊತ್ತಿತ್ತು.

ಐದು ನಿಮಿಷ ಆಡಿ ಹೇಳಿದರು: "ಅಳಿಯಂದ್ರೇ, ಲಿವರ್ ತುಂಬ ಹಗುರ ಆಯ್ತು. ಕೈಗೆ ತೂಕ ಸಿಗ್ಬೇಕು. ಇಲ್ದಿದ್ರೆ ಎಷ್ಟು ತಳ್ಳಿದೀವಿ ಅಂತ ಮೈಗೆ ಗೊತ್ತಾಗಲ್ಲ."

ನಾನು 0.8 ಮಿ.ಮೀ. ತಂತಿಯ ಸ್ಪ್ರಿಂಗ್ ಹಾಕಿದ್ದೆ. ಮಾರನೆ ದಿನವೇ 1.2 ಮಿ.ಮೀ. ತಂತಿಯದು ತಂದು ಹಾಕಿದೆ. ಮೇಲ್ತುದಿ ಎರಡೂ ಕಡೆ 45 ಮಿ.ಮೀ. ಹೋಗುತ್ತಿತ್ತು, ಅದನ್ನು ಹಾಗೇ ಬಿಟ್ಟೆ. ಆಟವೇ ಬದಲಾಯಿತು. ಈ ಆಟದಲ್ಲಿ ನಮ್ಮ ಗುಂಡು ಒಂದು ಸಲಕ್ಕೆ ಒಂದೇ ಇರುತ್ತದೆ. ಅದು ತಾಗುವ ತನಕ ಅಥವಾ ದೂರ ಹೋಗಿ ಮರೆಯಾಗುವ ತನಕ ಇನ್ನೊಂದು ಹಾರಿಸುವ ಹಾಗಿಲ್ಲ. ಗುರಿ ತಪ್ಪಿದರೆ ಪಿರಮಿಡ್ಡಿನ ಮರೆಗೆ ಓಡಬೇಕು. ಲಿವರ್ ಹಗುರ ಇದ್ದಾಗ ತಿರುಗುವುದು ಜಾಸ್ತಿಯಾಗಿ ಗುರಿ ದಾಟಿ ಹೋಗುತ್ತಿದ್ದೆ. ಈಗ ನಿಲ್ಲಿಸಬೇಕಾದಲ್ಲಿ ಕೈ ನಿಲ್ಲುತ್ತದೆ. ಗೆರೆ, ಕಿರಣ, ಅಕ್ಷರ ಎಲ್ಲಕ್ಕೂ ಎರಡು ತಿಂಗಳು ಕೊಟ್ಟೆ. ಟ್ಯಾಂಕಿನಲ್ಲಿ ಕೂತ ಹಾಗೆ ಅನ್ನಿಸಿದ್ದು ಮಾತ್ರ ಸ್ಪ್ರಿಂಗ್ ಬದಲಾಯಿಸಿದ ಮೇಲೆ. ಮತ್ತೆ ಮಾಡುವುದಾದರೆ ಲಿವರ್‌ಗಳಿಂದಲೇ ಶುರು ಮಾಡುತ್ತೇನೆ.

ಆಗಸ್ಟ್ 27: ಈಗ ಎಲ್ಲಿದೆ

ಹಬ್ಬದ ಊಟ ಆದ ಮೇಲೆ ಸಂಜೆ ತನಕ ಯಾರಾದರೊಬ್ಬರು ಆಡುತ್ತಲೇ ಇದ್ದರು. ಮಗಳು ಒಂದು ಲಿವರ್, ಅವಳ ತಾತ ಇನ್ನೊಂದು. "ಎಡಕ್ಕೆ ತಾತ, ಎಡಕ್ಕೆ" ಅಂತ ಅವಳು ತೆರೆ ಓದಿ ಕೂಗುತ್ತಿದ್ದಳು. ಟ್ಯಾಂಕಿಗೆ ಮೂಲದ ಹಾಗೆ 1000 ಅಂಕ. ನಮಗೆ ಗುಂಡು ಬಿದ್ದಾಗ ಗಾಜು ಒಡೆದ ಹಾಗೆ ಬಿರುಕಿನ ಗೆರೆ ಬರುತ್ತದೆ. ಶತ್ರು ಸರಿಯಾಗಿ ಎದುರಿಗೆ ಬಂದಾಗ ಗುರಿ ಗೆರೆಯ ತುದಿ ಒಳಕ್ಕೆ ಬಾಗುತ್ತದೆ. ಸುಟ್ಟ ಕಲೆ ಅದರ ಸ್ವಲ್ಪ ಕೆಳಗೆ, ಕತ್ತಲಲ್ಲಿ ಎದ್ದು ಕಾಣುವುದಿಲ್ಲ.

ಬೋರ್ಡು, ಐಸಿ, ಬಿಎನ್‌ಸಿ, ವೈರಿಗೆ ಇನ್ನೊಂದು 640 ಸೇರಿಸಿ, ಎರಡನೇ ಡಿಎಸಿಯನ್ನೂ ಹಿಡಿದು ಒಟ್ಟು ಖರ್ಚು 9,830 ರೂಪಾಯಿ. ಇದರಲ್ಲಿ ಜಾಯ್‌ಸ್ಟಿಕ್, ಬೇಡದ ಡಿಎಸಿ, ಕೆಂಪು ಹಾಳೆ ಸೇರಿ 1,090 ನನ್ನ ತಪ್ಪಿನಿಂದ ಹೋದದ್ದು.

ಇನ್ನೂ ಆಗದ್ದು: ಕ್ಷಿಪಣಿ. ಮೂಲದಲ್ಲಿ ಅದು ಅಡ್ಡಾದಿಡ್ಡಿ ಓಡಿ ಬಂದು, ಅಡ್ಡ ಸಿಕ್ಕಿದ ಪೆಟ್ಟಿಗೆಯನ್ನು ಹಾರಿ ದಾಟುತ್ತದೆ. ನನ್ನದು ಪೆಟ್ಟಿಗೆಯ ಒಳಗೇ ನುಗ್ಗಿ ಬರುತ್ತಿದೆ. ಶಬ್ದವೂ ಇಲ್ಲ. ಬಲ ಲಿವರಿನ ಬುಶ್ ಸಣ್ಣಗೆ ಕಿರುಗುಟ್ಟಲು ಶುರುವಾಗಿದೆ, ಮುಂದಿನ ಭಾನುವಾರ ಬಿಚ್ಚಿ ನೋಡಬೇಕು.